ರಾಜಕೀಯ ಓದೋಕೆ ಯಾವ ಬ್ಲಾಗು, ಯಾವ ಸೈಟು? ಅಪ್ಪನಿಗಾಗಿ ಕೇಳುತ್ತಿದ್ದೇನೆ

ಪ್ರಶ್ನೆ: ಗದಗದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಈಗ 71. ಪೇಪರ್ ಓದದೆ ಬೆಳಗಿನ ಚಹಾ ಮುಗಿಸಿದವರಲ್ಲ. ಹೋದ ವರ್ಷ ಕಣ್ಣಿನ ಪೊರೆ ಆಪರೇಷನ್ ಆಯಿತು, ಆಮೇಲೆ ಪೇಪರ್ ಬಿಟ್ಟರು. ಮೊಬೈಲಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿದರೆ ಅಕ್ಷರ ದೊಡ್ಡದಾಗುತ್ತದೆ, ಅದೇ ಅವರಿಗೆ ಅನುಕೂಲ. ಆದರೆ ಓದೋದು ಏನು? ನೆಂಟರ ಗ್ರೂಪಿನಲ್ಲಿ ಯಾರೋ ಕಳಿಸಿದ ಲಿಂಕು.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೂ ನಮ್ಮ ಮನೆಯವರಿಗೂ ಜೋರು ವಾದ ಆಯಿತು. ಒಬ್ಬ ಮಂತ್ರಿಯ ಒಂದೇ ಭಾಷಣದ ಬಗ್ಗೆ. ಅಪ್ಪ ಒಂದು ಬ್ಲಾಗು ತೆಗೆದು ತೋರಿಸಿದರು, ಇವರು ಇನ್ನೊಂದು. ನಾನು ಎರಡನ್ನೂ ಓದಿದೆ. ಎರಡೂ ಚೆನ್ನಾಗಿಯೇ ಬರೆದಿದ್ದವು. ಆದರೆ ಮಂತ್ರಿ ಆಡಿದ ಮಾತು ಪೂರ್ತಿಯಾಗಿ ಎರಡರಲ್ಲೂ ಇರಲಿಲ್ಲ. ಅಪ್ಪ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದು ಹೋದರು. ನನಗೆ ಅದು ತುಂಬಾ ನೋವಾಯಿತು.

ಅವರು ಓದೋದು ಬಿಡಬಾರದು. ನಂಬಿ ಓದಬಹುದಾದ ನಾಲ್ಕು ಹೆಸರು ಹೇಳಿ, ದಯವಿಟ್ಟು.

ಉತ್ತರ: ಮೈಸೂರಿನ ಓದುಗ

ಮೊದಲು ಸಂಪದ ಇತ್ತು, 2005ರಲ್ಲಿ ಶುರುವಾಗಿದ್ದು. ಕನ್ನಡದಲ್ಲಿ ಆನ್‌ಲೈನ್ ಬರೆಯೋಕೆ ನನ್ನಂಥ ಎಷ್ಟೋ ಜನ ಕಲಿತದ್ದು ಅಲ್ಲೇ. ಇಂಗ್ಲಿಷಿನಲ್ಲಿ ಚುರುಮುರಿ ಇತ್ತು, ರಾಜಕೀಯ ಬರೆದರೂ ಅದರಲ್ಲಿ ಮೈಸೂರಿನ ಘಮ ಇರುತ್ತಿತ್ತು. ವರ್ತಮಾನ, ನಾನು ಗೌರಿ, ಈದಿನ ಎಡಪಂಥದ ಕಡೆಯವು. ನಿಲುಮೆ ಬಲಪಂಥದ ಕಡೆಯದು. ಇಂಗ್ಲಿಷ್ ಓದುವುದಾದರೆ ಬೆಂಗಳೂರಿನಿಂದಲೇ ಬರುವ ದಿ ನ್ಯೂಸ್ ಮಿನಿಟ್ ಮತ್ತು ಸ್ವರಾಜ್ಯ ಎರಡನ್ನೂ ನೋಡಿ. ಒಂದೇ ಸುದ್ದಿಗೆ ಎರಡೂ ಕೊಟ್ಟ ತಲೆಬರಹ ಅಕ್ಕಪಕ್ಕ ಇಟ್ಟು ಓದಿದರೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ.

ಉತ್ತರ: ನಿವೃತ್ತ ಮೇಷ್ಟ್ರು, ಹಾನಗಲ್

ತಂಗೀ, ನಿಮ್ಮದೂ ನಮ್ಮದೂ ಒಂದೇ ಲೋಕಸಭಾ ಕ್ಷೇತ್ರ, ಹಾವೇರಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ಚುನಾವಣೆ ಬಂದಾಗಲೆಲ್ಲ ಮತಗಟ್ಟೆ ಡ್ಯೂಟಿ ತಪ್ಪಿದ್ದಿಲ್ಲ. 2019ರ ಏಪ್ರಿಲ್ 23ರಂದು ಪಿ.ಆರ್.ಒ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ ಆಗಿ ಒಂದು ಹಳ್ಳಿ ಶಾಲೆಯಲ್ಲಿ ಕೂತಿದ್ದೆ. ಹನ್ನೊಂದು ಗಂಟೆ ಇರಬಹುದು. ಇಪ್ಪತ್ತೈದರ ಒಬ್ಬ ಹುಡುಗ ಬಂದ. ರಾತ್ರಿ ಬಸ್ಸಿಗೆ ಬೆಂಗಳೂರಿನಿಂದ ಬಂದಿದ್ದ, ಹೆಗಲ ಮೇಲೆ ಬ್ಯಾಗು ಹಾಗೇ ಇತ್ತು. ಕೈಯಲ್ಲಿ ಮತದಾರರ ಗುರುತಿನ ಚೀಟಿ ಇದೆ, ಪಟ್ಟಿಯಲ್ಲಿ ಹೆಸರಿಲ್ಲ. ಎರಡು ಸಲ ಹುಡುಕಿದೆವು. ಇಲ್ಲ.

ಆಗ ಅವನು ಮೊಬೈಲ್ ನನ್ನ ಮುಂದಿಟ್ಟ. "ಸರ್, ಸೆಕ್ಷನ್ 49ಎ ಪ್ರಕಾರ ನನಗೆ ಚಾಲೆಂಜ್ ವೋಟು ಕೊಡಬೇಕು. ಶೇಕಡಾ 14ಕ್ಕಿಂತ ಜಾಸ್ತಿ ಟೆಂಡರ್ ವೋಟು ಬಿದ್ದರೆ ಇಲ್ಲಿ ಮರುಮತದಾನ ಆಗಬೇಕು." ಅದು ಬರೀ ಫಾರ್ವರ್ಡ್ ಅಲ್ಲ. ಅದೇ ಮಾತನ್ನು ಅಕ್ಷರ ಬಿಡದೆ ಇಳಿಸಿಕೊಂಡ ಒಂದು ಬ್ಲಾಗು ಪುಟವೂ ಅವನ ಹತ್ತಿರ ಇತ್ತು.

ನಿಯಮ ಹೀಗಿದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟಿಲ್ಲ. ಚಾಲೆಂಜ್ ಅನ್ನೋದು ಬೇರೆಯೇ ವಿಷಯ. ವೋಟು ಹಾಕಲು ಬಂದವನು ಆ ಹೆಸರಿನವನೇ ಅಲ್ಲ ಅಂತ ಅಭ್ಯರ್ಥಿಯ ಏಜೆಂಟು ತಕರಾರು ಎತ್ತುವುದು, ಅದಕ್ಕೆ ಆ ಏಜೆಂಟು 2 ರೂಪಾಯಿ ಠೇವಣಿ ಇಡಬೇಕು. ಟೆಂಡರ್ ವೋಟು ಅಂದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಮೊದಲೇ ಹಾಕಿಬಿಟ್ಟಿದ್ದರೆ ನಿಮಗೆ ಕೊಡುವ ಕಾಗದದ ಮತಪತ್ರ. ಅದು ನಿಯಮ 49ಪಿ. ಅದನ್ನು ಲಕೋಟೆಯಲ್ಲಿ ಇಟ್ಟು ಸೀಲ್ ಮಾಡುತ್ತೇವೆ, ಸಾಮಾನ್ಯ ಎಣಿಕೆಗೆ ಅದು ಬರುವುದಿಲ್ಲ. ಶೇಕಡಾ 14 ಅನ್ನೋ ಮಾತು ನಿಯಮದಲ್ಲಿ ಎಲ್ಲೂ ಇಲ್ಲ.

ಚುನಾವಣಾ ಆಯೋಗ ನಮಗೆ ಕೊಟ್ಟಿದ್ದ ಕೈಪಿಡಿ ತೆಗೆದು ಆ ಪುಟ ತೋರಿಸಿದೆ. ಅವನು ನಿಧಾನ ಓದಿದ. "ಮತ್ತೆ ಇಷ್ಟು ಜನ ಬರೆದಿದ್ದಾರಲ್ಲ ಸರ್?" ಅಂದ. ಅವನ ಮುಖ ಇವತ್ತಿಗೂ ಕಣ್ಣ ಮುಂದಿದೆ. ತಿಂಗಳ ಮೊದಲೇ ಯಾರಾದರೂ "ಪಟ್ಟಿಯಲ್ಲಿ ಹೆಸರು ನೋಡಿಕೋ, ಇಲ್ಲದಿದ್ದರೆ ಫಾರಂ 6 ತುಂಬು" ಅಂತ ಬರೆದಿದ್ದರೆ ಅವನ ವೋಟು ಉಳಿಯುತ್ತಿತ್ತು.

ಅಂದಿನಿಂದ ನಾನು ಬ್ಲಾಗಿನ ಹೆಸರು ನೋಡಿ ನಂಬುವುದು ಬಿಟ್ಟೆ. ಬರೆದವರು ಮೂಲ ಕಾಗದವನ್ನು ನನ್ನ ಮುಂದಿಡುತ್ತಾರಾ ಅಂತ ನೋಡುತ್ತೇನೆ. ಮಸೂದೆ ಬಗ್ಗೆ ಬರೆದರೆ ಮಸೂದೆ ಎಲ್ಲಿ? ಪಿ.ಆರ್.ಎಸ್. ಅನ್ನುವ ಸಂಸ್ಥೆ 2005ರಿಂದ ಇದೇ ಕೆಲಸ ಮಾಡುತ್ತಿದೆ. ಮಸೂದೆಯ ಪಠ್ಯವನ್ನೂ ಅದರ ಸಾರಾಂಶವನ್ನೂ ಸೈಟಿನಲ್ಲಿ ಇಡುತ್ತದೆ. ಇಂಗ್ಲಿಷಿನಲ್ಲಿದೆ, ಅಪ್ಪನಿಗೆ ನೀವು ಓದಿ ಹೇಳಿ.

ಸಮೀಕ್ಷೆ ಅಂದರೆ ಯಾರು, ಹೇಗೆ ಮಾಡಿದ್ದು ಅಂತ ಕೇಳಬೇಕು. 2023ರ ವಿಧಾನಸಭಾ ಚುನಾವಣೆಗೆ ಈದಿನದವರು ಮನೆ ಮನೆಗೆ ಜನ ಕಳಿಸಿ ಕೇಳಿ, ಕಾಂಗ್ರೆಸ್ಸಿಗೆ 132ರಿಂದ 140 ಸೀಟು ಅಂದರು. ಬಂದದ್ದು 135. ಅದು ಅವರ ಶ್ರಮಕ್ಕೆ ಸಿಕ್ಕ ಗೌರವ, ಒಪ್ಪುತ್ತೇನೆ. ಹಾಗಂತ ಅವರ ಅಭಿಪ್ರಾಯ ಲೇಖನಗಳನ್ನೂ ಅದೇ ನಂಬಿಕೆಯಿಂದ ಓದಬೇಕಿಲ್ಲ. ಲೆಕ್ಕ ಬೇರೆ, ನಿಲುವು ಬೇರೆ.

2024ರಲ್ಲಿ ಫಾರಂ 17ಸಿ ಬಗ್ಗೆ ಎಷ್ಟು ಗಲಾಟೆ ಆಯಿತು, ನೆನಪಿದೆಯಲ್ವಾ? ಆ ಫಾರಂ ಬರೆದು ಸಹಿ ಹಾಕಿದ ಕೈ ನನ್ನದು. ಮತದಾನ ಮುಗಿದ ಕೂಡಲೇ ಒಟ್ಟು ಎಷ್ಟು ವೋಟು ಬಿತ್ತು ಅಂತ ಅದರಲ್ಲಿ ತುಂಬಿ, ಕೂತಿರುವ ಏಜೆಂಟರಿಗೆ ಪ್ರತಿ ಕೊಡುತ್ತೇವೆ. ಆಗ ಬಂದ ಬರಹಗಳನ್ನು ಒಂದೊಂದಾಗಿ ಓದಿದೆ. ಏಜೆಂಟರಿಗೆ ಪ್ರತಿ ಹೋಗುತ್ತದೆ ಅನ್ನೋದನ್ನೇ ಬಿಟ್ಟು ಕೆಲವರು ಬರೆದರು. ಅದು ಜನರಿಗೂ ಆನ್‌ಲೈನಿನಲ್ಲಿ ಸಿಗಬೇಕು ಅನ್ನೋ ನ್ಯಾಯವಾದ ಬೇಡಿಕೆಯನ್ನೇ ಇನ್ನು ಕೆಲವರು ಮುಚ್ಚಿಟ್ಟರು. ಎರಡನ್ನೂ ಹೇಳಿದವರ ಪುಟ ಮಾತ್ರ ನಾನು ಉಳಿಸಿಕೊಂಡೆ. ನಿಮ್ಮ ಅಪ್ಪ ಯಾವ ಇಲಾಖೆಯಲ್ಲಿದ್ದರು? ಅವರ ಕೆಲಸದ ಬಗ್ಗೆ ಒಬ್ಬ ಬ್ಲಾಗರ್ ಏನು ಬರೆದಿದ್ದಾನೆ ಅಂತ ಓದಿಸಿ. ಗೊತ್ತಿದ್ದು ಬರೆದನೋ ಸುಮ್ನೆ ಬರೆದನೋ, ಅವರಿಗೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಅಭ್ಯರ್ಥಿಗಳ ಪ್ರಮಾಣಪತ್ರ ಓದಿಸಿ, ನಮೂನೆ 26. ಐಐಎಂ ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು 1999ರಲ್ಲಿ ಎ.ಡಿ.ಆರ್. ಅನ್ನುವ ಸಂಸ್ಥೆ ಕಟ್ಟಿ ಕೋರ್ಟಿಗೆ ಹೋಗಿದ್ದರಿಂದ, 2002ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ನಮಗೆ ಕೊಟ್ಟಿತು. ಅವರದೇ ಮೈನೇತಾ ಸೈಟಿನಲ್ಲಿ ಸಿಗುತ್ತದೆ. ಕೇಸು, ಸಾಲ, ಜಮೀನು, ಹೆಂಡತಿಯ ಹೆಸರಿನ ಬಂಗಾರ ಎಲ್ಲ ಅಭ್ಯರ್ಥಿಯೇ ಸಹಿ ಮಾಡಿ ಬರೆದುಕೊಟ್ಟದ್ದು. ಅದನ್ನು ಓದಿದ ಮೇಲೆ ಬ್ಲಾಗು ಓದಲಿ.

ಉತ್ತರ: ಡಲ್ಲಾಸಿನಿಂದ

ಮೇಷ್ಟ್ರು ಹೇಳಿದ್ದು ಇಲ್ಲಿಯೂ ನಿಜ. 2002ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಅವರ ನೂರನೇ ಹುಟ್ಟುಹಬ್ಬ. ಅಲ್ಲಿ ಸೆನೆಟಿನ ರಿಪಬ್ಲಿಕನ್ ನಾಯಕ ಟ್ರೆಂಟ್ ಲಾಟ್, ಥರ್ಮಂಡ್ 1948ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತದ್ದನ್ನು ಹೊಗಳಿದರು. ಥರ್ಮಂಡ್ ಆಗ ನಿಂತದ್ದು ಕರಿಯರನ್ನು ಬೇರೆ ಇಡಬೇಕು ಅನ್ನೋ ಮಾತಿನ ಮೇಲೆ. ದೊಡ್ಡ ಪತ್ರಿಕೆಗಳು ಮೊದಲು ಅಷ್ಟಾಗಿ ಗಮನ ಕೊಡಲಿಲ್ಲ. ಜಾಶ್ ಮಾರ್ಷಲ್ ತಮ್ಮ ಟಾಕಿಂಗ್ ಪಾಯಿಂಟ್ಸ್ ಮೆಮೊ ಬ್ಲಾಗಿನಲ್ಲಿ ಬಿಡದೆ ಬರೆದರು, ಹಳೆಯ ದಾಖಲೆ ಕೆದಕಿದರು. ಲಾಟ್ ಅವರ ಪಕ್ಷದ ಕಡೆಗೇ ಒಲವಿದ್ದ ಬ್ಲಾಗರುಗಳೂ ಖಂಡಿಸಿದರು. ಎರಡೇ ವಾರ, ಲಾಟ್ ಸೆನೆಟ್ ನಾಯಕತ್ವ ಬಿಡಬೇಕಾಯಿತು. ಬ್ಲಾಗಿನ ಬಲ ನಾನು ಮೊದಲು ಕಂಡದ್ದು ಆಗ.

ಮತ್ತೆ: ಗದಗದ ಮಗಳು

ಮೇಷ್ಟ್ರೇ, ನಿಮಗೆ ದೊಡ್ಡ ನಮಸ್ಕಾರ. ಅಪ್ಪ ನೀರಾವರಿ ಇಲಾಖೆಯಲ್ಲಿದ್ದರು. ನೀವು ಹೇಳಿದ ಹಾಗೆ ಮಹದಾಯಿ ಬಗ್ಗೆ ಬಂದ ಒಂದು ಬ್ಲಾಗು ಕೊಟ್ಟೆ. ಎರಡನೇ ಪ್ಯಾರಾದಲ್ಲೇ ನಿಂತರು. "ಟಿಎಂಸಿಗೂ ಕ್ಯೂಸೆಕ್ಸಿಗೂ ವ್ಯತ್ಯಾಸ ಗೊತ್ತಿಲ್ಲ ಇವನಿಗೆ" ಅಂದರು. ಒಂದು ಒಟ್ಟು ನೀರಿನ ಅಳತೆ, ಇನ್ನೊಂದು ಹರಿವಿನ ವೇಗದ್ದು. ಅದು ಅವರಿಗೆ ಬಹಳ ಇಷ್ಟವಾಗಿದ್ದ ಬ್ಲಾಗು.

ಭಾನುವಾರ ನಮ್ಮ ಕ್ಷೇತ್ರದ ಇಬ್ಬರು ಅಭ್ಯರ್ಥಿಗಳ ಪ್ರಮಾಣಪತ್ರ ಇಳಿಸಿಕೊಟ್ಟೆ. ಕಟ್ಟೆಯ ಮೇಲೆ ಕೂತು ಹಿಗ್ಗಿಸಿ ಹಿಗ್ಗಿಸಿ ಓದಿದರು. ಹಳೇ ಡೈರಿಯಲ್ಲಿ ಬರೆದುಕೊಂಡರು, ಒಬ್ಬರದ್ದು ಎಡಕ್ಕೆ, ಇನ್ನೊಬ್ಬರದ್ದು ಬಲಕ್ಕೆ. ಕೂಡಿಸೋಕೆ ನಮ್ಮ ಮನೆಯವರನ್ನು ಕರೆದರು. ಇಬ್ಬರೂ ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ, ತಟ್ಟೆ ಅಲ್ಲಿಗೇ ಒಯ್ದು ಕೊಟ್ಟೆ.

ಸಂಜೆ ಅಪ್ಪ ಕೇಳಿದರು, ನಮ್ಮ ವಾರ್ಡಿನ ನಗರಸಭೆ ಸದಸ್ಯನದ್ದೂ ಸಿಗುತ್ತದಾ ಅಂತ. ಮೈನೇತಾದಲ್ಲಿ ಹುಡುಕಿದೆ, ನನಗೆ ಸಿಗಲಿಲ್ಲ. ಎಲ್ಲಿ ಕೇಳಬೇಕು ಮೇಷ್ಟ್ರೇ?

ಉತ್ತರ: ನಿವೃತ್ತ ಮೇಷ್ಟ್ರು, ಹಾನಗಲ್

ನಗರಸಭೆ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ, ದಿಲ್ಲಿಯದ್ದಲ್ಲ. ಅವರ ಸೈಟು ಬೇರೆ, ಮೊದಲು ಅಲ್ಲಿ ನೋಡಿ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಬರೆಯಿರಿ, 10 ರೂಪಾಯಿ ಶುಲ್ಕ. ಅರ್ಜಿ ಅಪ್ಪನ ಕೈಯಲ್ಲೇ ಬರೆಸಿ ತಂಗೀ.