ಬೇಸಗೆಯಲ್ಲಿ ಕೈತೋಟಕ್ಕೆ ದಿನಕ್ಕೆ 100 ಲೀಟರ್ ನೀರು ಮಾತ್ರ: ಯಾವ ತರಕಾರಿ ಉಳಿಸಿಕೊಳ್ಳಬಹುದು?

ಪ್ರಶ್ನೆ: ಕುಶಾಲನಗರದ ಹತ್ತಿರದಿಂದ

ಎಲ್ಲರಿಗೂ ನಮಸ್ಕಾರ. ಮನೆಯ ಹಿಂದೆ ಸುಮಾರು 600 ಚದರ ಅಡಿ ಜಾಗದಲ್ಲಿ ಟೊಮೆಟೊ, ಬೀನ್ಸ್, ಬದನೆ, ಬೆಂಡೆ, ಸೌತೆ ಮತ್ತು ಹರಿವೆ ಸೊಪ್ಪನ್ನು ಏರುಮಡಿಗಳಲ್ಲಿ ಬೆಳೆಯುತ್ತಿದ್ದೇವೆ. ಜನವರಿಯವರೆಗೆ ಫಸಲು ಚೆನ್ನಾಗಿಯೇ ಇತ್ತು. ಮಾರ್ಚ್ ಬಂದ ಮೇಲೆ ಬಾವಿಯ ನೀರು ತಳ ಕಂಡಿದ್ದು, ಮನೆಬಳಕೆಗೆ ಬೇಕಾದಷ್ಟನ್ನು ಇಟ್ಟುಕೊಂಡರೆ ಗಿಡಗಳಿಗೆ ದಿನಕ್ಕೆ 100 ಲೀಟರಿಗಿಂತ ಹೆಚ್ಚು ಕೊಡಲು ಆಗುವುದಿಲ್ಲ. ಪ್ರತಿದಿನ ಸಂಜೆ ಎಲ್ಲ ಮಡಿಗಳಿಗೂ ಪೈಪಿನಿಂದ ಸಮನಾಗಿ ನೀರು ಚಿಮುಕಿಸುತ್ತಿದ್ದರೂ ಮರುದಿನ ಮಧ್ಯಾಹ್ನಕ್ಕೆ ಎಲೆಗಳು ಬಾಡಿ ಜೋತುಬೀಳುತ್ತವೆ. ಬೀನ್ಸಿನ ಹೂ ಉದುರುತ್ತಿದೆ. ಟೊಮೆಟೊ ಹೂ ಬಿಟ್ಟರೂ ಕಾಯಿ ಕಚ್ಚುವುದು ಕಡಿಮೆ; ಕಚ್ಚಿದ ಕಾಯಿಗಳಲ್ಲಿಯೂ ಕೆಲವುಗಳ ತಳ ಕಪ್ಪಾಗುತ್ತಿದೆ. ನೆರಳು ಬಲೆ ಕಟ್ಟಿದರೆ ಇವು ಉಳಿಯುತ್ತವೆಯೇ, ಅಥವಾ ಜೂನ್ ಮಳೆಯವರೆಗೆ ಕೈತೋಟವನ್ನೇ ನಿಲ್ಲಿಸಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಗೋಣಿಕೊಪ್ಪದಿಂದ

ನಿಲ್ಲಿಸುವ ಅಗತ್ಯವಿಲ್ಲ, ಆದರೆ ಜಾಗವನ್ನು ಕಡಿಮೆ ಮಾಡಲೇಬೇಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಮಾರ್ಚ್, ಏಪ್ರಿಲ್ ತಿಂಗಳ ಬಿರುಬಿಸಿಲಿನಲ್ಲಿ ಚೆನ್ನಾಗಿ ಬೆಳೆದ ತರಕಾರಿ ಮಡಿಗೆ ಚದರ ಮೀಟರಿಗೆ ದಿನಕ್ಕೆ ನಾಲ್ಕರಿಂದ ಐದು ಲೀಟರ್ ನೀರು ಬೇಕಾಗುತ್ತದೆ. ನಿಮ್ಮ 600 ಚದರ ಅಡಿ ಎಂದರೆ ಹೆಚ್ಚುಕಡಿಮೆ 55 ಚದರ ಮೀಟರ್. 100 ಲೀಟರನ್ನು ಅಷ್ಟಕ್ಕೂ ಹಂಚಿದರೆ ತಲಾ ಎರಡು ಲೀಟರ್ ಕೂಡ ಸಿಗುವುದಿಲ್ಲ. ಅಷ್ಟು ನೀರು ಮೇಲ್ಮಣ್ಣನ್ನು ಮಾತ್ರ ತೋಯಿಸಿ ಆರಿಹೋಗುತ್ತದೆ, ಬೇರುಗಳು ತೇವವಿರುವ ಮೇಲ್ಪದರದಲ್ಲಿಯೇ ಹರಡಿಕೊಳ್ಳುತ್ತವೆ, ಹೀಗಾಗಿ ಮಧ್ಯಾಹ್ನದ ಬಿಸಿಲನ್ನು ತಡೆಯುವ ಶಕ್ತಿ ಗಿಡಕ್ಕೆ ಬರುವುದೇ ಇಲ್ಲ. ಇದೇ ನೀರನ್ನು 20ರಿಂದ 25 ಚದರ ಮೀಟರಿಗೆ, ಅಂದರೆ ಸುಮಾರು 250 ಚದರ ಅಡಿಗೆ ಕೊಟ್ಟರೆ ಸಾಲುತ್ತದೆ. ಪ್ರತಿದಿನ ಸ್ವಲ್ಪ ಸ್ವಲ್ಪ ಕೊಡುವ ಬದಲು ಅರ್ಧ ಮಡಿಗಳಿಗೆ ಇಂದು, ಉಳಿದರ್ಧಕ್ಕೆ ನಾಳೆ ಎಂದು ಸರದಿಯಲ್ಲಿ ಆಳಕ್ಕೆ ಇಳಿಯುವಂತೆ ಕೊಡಿ. ಸಾಧ್ಯವಾದರೆ ಬೆಳಿಗ್ಗೆ ಎಂಟರೊಳಗೆ, ಎಲೆಯ ಮೇಲೆ ಬೀಳದಂತೆ ಬುಡಕ್ಕೇ ಹಾಕಿ.

ಇನ್ನೊಂದು ಮುಖ್ಯ ವಿಷಯವೆಂದರೆ ಏರುಮಡಿ. ನಮ್ಮ ಜಿಲ್ಲೆಯ ಮಳೆಗಾಲಕ್ಕೆ ಅದು ಬೇಕೇಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಆದರೆ ಬೇಸಗೆಯಲ್ಲಿ ಅದೇ ಮಡಿಯ ಬದಿಗಳೆಲ್ಲ ಗಾಳಿಗೆ ತೆರೆದುಕೊಂಡು ಬೇಗ ಒಣಗುತ್ತವೆ. ಹೊಸದಾಗಿ ಬಿತ್ತುವುದಿದ್ದರೆ ನೆಲಮಟ್ಟಕ್ಕಿಂತ ನಾಲ್ಕು ಬೆರಳು ತಗ್ಗಾದ ಪಾತಿಯಲ್ಲಿ ಬಿತ್ತಿ, ಮೇ ಕೊನೆಯಲ್ಲಿ ಮತ್ತೆ ಏರಿಸಿಕೊಳ್ಳಿ.

ಮಣ್ಣು ಚೆನ್ನಾಗಿ ನೆನೆದ ಮೇಲೆ ಎರಡು ಮೂರು ಇಂಚು ದಪ್ಪಕ್ಕೆ ಭತ್ತದ ಹುಲ್ಲು ಅಥವಾ ತೋಟದ ತರಗೆಲೆ ಹೊದಿಸಿ. ಸಿಲ್ವರ್ ಓಕ್ ಎಲೆ ಬೇಗ ಕೊಳೆಯುವುದಿಲ್ಲ ಎಂದು ಗೊಬ್ಬರದ ಗುಂಡಿಗೆ ಹಾಕಲು ಹಿಂಜರಿಯುತ್ತೇವೆ. ಹೊದಿಕೆಗೆ ಅದೇ ಗುಣ ಅನುಕೂಲವಾಗುತ್ತದೆ. ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಿ, ಗೆದ್ದಲು ಹತ್ತಿದೆಯೇ ಎಂದು ಆಗಾಗ ಎತ್ತಿ ನೋಡಿ. ಕಾಫಿ ಹಣ್ಣಿನ ಸಿಪ್ಪೆಯನ್ನು ಹಸಿಯಾಗಿ ಹಾಕಬಾರದು, ಕಳಿತ ಮೇಲೆ ಬಳಸಬಹುದು.

ಉತ್ತರ 2: ಮಡಿಕೇರಿಯಿಂದ

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಕೊಡಗು ಎಂದು ಒಂದೇ ಮಾತಿನಲ್ಲಿ ಸಲಹೆ ಕೊಡುವುದು ಕಷ್ಟ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಕುಶಾಲನಗರ ಸುಮಾರು 830 ಮೀಟರ್. ನಮ್ಮಲ್ಲಿ ಬೀಳುವ ಮಳೆಯ ಅರ್ಧದಷ್ಟೂ ನಿಮ್ಮಲ್ಲಿ ಬೀಳುವುದಿಲ್ಲ. ನಮ್ಮ ಕಡೆ ಏಪ್ರಿಲಿನಲ್ಲಿಯೂ ಬೀನ್ಸ್ ಕಾಯಿ ಬಿಡುವುದನ್ನು ಕಂಡು ನೀವು ಅದನ್ನೇ ಉಳಿಸಿಕೊಳ್ಳಲು ಹೋದರೆ ನೀರು ವ್ಯರ್ಥವಾಗುತ್ತದೆ. ಹಗಲಿನ ಉಷ್ಣತೆ 30 ಡಿಗ್ರಿ ದಾಟಿದಂತೆಲ್ಲ ಬೀನ್ಸ್ ಹೂ ಉದುರಿಸುತ್ತದೆ. ಟೊಮೆಟೊ ಇನ್ನೂ ಸ್ವಲ್ಪ ತಾಳುತ್ತದೆಯಾದರೂ ಹಗಲು 35ರ ಹತ್ತಿರ ಹೋಗಿ ರಾತ್ರಿಯೂ ಸೆಕೆಯಿದ್ದರೆ ಪರಾಗ ಕೆಡುವುದರಿಂದ ಕಾಯಿ ಕಚ್ಚುವುದಿಲ್ಲ. ಇದನ್ನು ಯಾವ ಗೊಬ್ಬರದಿಂದಲೂ ಸರಿಪಡಿಸಲಾಗದು.

ಆದ್ದರಿಂದ ಬೀನ್ಸನ್ನು ಬುಡದಲ್ಲಿ ಕತ್ತರಿಸಿ, ಬೇರನ್ನು ಮಣ್ಣಿನಲ್ಲಿಯೇ ಬಿಟ್ಟು, ಆ ಜಾಗಕ್ಕೆ ಅಲಸಂದೆ ಹಾಕಿ. ಬೆಂಡೆಗೆ ಬಿಸಿಲೆಂದರೆ ಪ್ರೀತಿ. ಬೀಜವನ್ನು ರಾತ್ರಿ ನೆನೆಹಾಕಿ ಬಿತ್ತಿದರೆ 45ರಿಂದ 50 ದಿನಗಳಲ್ಲಿ ಕೊಯ್ಲು ಆರಂಭವಾಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಬೇಸಗೆಯಲ್ಲಿ ಕಾಡುವ ಹಳದಿ ನಂಜುರೋಗವನ್ನು ತಡೆಯಲೆಂದೇ ಅಭಿವೃದ್ಧಿಪಡಿಸಿದ್ದು. ಅದೇ ಸಂಸ್ಥೆಯ ಕೇಂದ್ರ ಚೆಟ್ಟಳ್ಳಿಯಲ್ಲಿ, ಕೃಷಿ ವಿಜ್ಞಾನ ಕೇಂದ್ರ ಗೋಣಿಕೊಪ್ಪದಲ್ಲಿ ಇವೆ. ಬೀಜದ ಬಗ್ಗೆ ಅಲ್ಲಿ ವಿಚಾರಿಸುವುದು ಒಳ್ಳೆಯದು. ಹರಿವೆ 25ರಿಂದ 30 ದಿನಗಳಲ್ಲಿ ಕೈಗೆ ಬರುವುದರಿಂದ ನೀರು ಕಡಿಮೆಯಿದ್ದಾಗ ಅದರಷ್ಟು ಲಾಭದ ಬೆಳೆ ಬೇರೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ನೆರಳು ಬಲೆಯ ವಿಷಯದಲ್ಲಿ ಅವಸರ ಬೇಡ. ಕಟ್ಟುವುದಾದರೆ ಶೇ. 35ರಷ್ಟು ನೆರಳು ಕೊಡುವ ಬಲೆಯನ್ನು ಪಶ್ಚಿಮದ ಬಿಸಿಲು ತಡೆಯುವಂತೆ ಕಟ್ಟಿ. ಅದಕ್ಕಿಂತ ದಟ್ಟವಾದರೆ ಬೆಂಡೆ, ಬದನೆ ಬಡಕಲಾಗಿ ಎತ್ತರಕ್ಕೆ ಹೋಗುತ್ತವೆಯೇ ಹೊರತು ಕಾಯಿ ಕೊಡುವುದಿಲ್ಲ. ಪಶ್ಚಿಮದ ಅಂಚಿಗೆ ಅಲಸಂದೆಯ ಚಪ್ಪರ ಎಬ್ಬಿಸಿ ಅದರ ಮರೆಯಲ್ಲಿ ಸೊಪ್ಪು ಬೆಳೆಯುವುದು ಹೆಚ್ಚು ಖರ್ಚಿಲ್ಲದ ದಾರಿ. ನೆರಳು ಸಿಗುತ್ತದೆಂದು ಮರದ ಬುಡಕ್ಕೆ ಮಾತ್ರ ಮಡಿ ಸರಿಸಬೇಡಿ, ನೀವು ಹಾಕಿದ ನೀರನ್ನು ಮರದ ಬೇರುಗಳೇ ಮೊದಲು ಹೀರಿಕೊಳ್ಳುತ್ತವೆ.

ಉತ್ತರ 3: ಸೋಮವಾರಪೇಟೆಯಿಂದ

ಬದನೆ, ಸೌತೆಯಂಥ ಬಿಡಿ ಗಿಡಗಳಿಗೆ ಮಡಕೆ ನೀರಾವರಿಯನ್ನು ಮಾಡಿ ನೋಡಿ. ಹೊಳಪು ಬಳಿಯದ ಐದಾರು ಲೀಟರಿನ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ಸುತ್ತ ಮೂರು ನಾಲ್ಕು ಗಿಡ ನೆಟ್ಟು, ನೀರು ತುಂಬಿ ಬಾಯಿ ಮುಚ್ಚಬೇಕು. ಸುತ್ತಲಿನ ಮಣ್ಣು ಒಣಗಿದಂತೆ ನೀರು ತಾನಾಗಿ ಜಿನುಗುತ್ತದೆ. ಒತ್ತಾಗಿ ಬಿತ್ತುವ ಸೊಪ್ಪಿಗೆ ಇದು ಹೊಂದುವುದಿಲ್ಲ. ಅಕ್ಕಿ, ತರಕಾರಿ ತೊಳೆದ ನೀರನ್ನು ಧಾರಾಳವಾಗಿ ಬಳಸಬಹುದು. ಸ್ನಾನದ ನೀರನ್ನು ಬಾಳೆಯ ಬುಡಕ್ಕೆ ಬಿಡಿ, ಬಟ್ಟೆ ಸೋಪಿನ ಪುಡಿ ಬೆರೆತ ನೀರನ್ನು ಯಾವ ತರಕಾರಿಗೂ ಹಾಕಬೇಡಿ.

ಕಾಫಿ ಹೂ ಅರಳಿಸುವ ಬೇಸಗೆಯ ಹೂಮಳೆಯನ್ನು ಹಿಡಿದಿಟ್ಟುಕೊಳ್ಳುವ ಬಗ್ಗೆಯೂ ಯೋಚಿಸಿ. ತೋಟದವರು ಹೇಳುವ 100 ಸೆಂಟ್ ಮಳೆ ಎಂದರೆ ಒಂದು ಇಂಚು. ಅಷ್ಟು ಮಳೆ 1,000 ಚದರ ಅಡಿಯ ಮಾಡಿನ ಮೇಲೆ ಬಿದ್ದರೆ 2,300 ಲೀಟರಿನಷ್ಟು ನೀರಾಗುತ್ತದೆ. ಸೋರಿ ಹೋಗುವುದನ್ನು ಬಿಟ್ಟರೂ ನಿಮ್ಮ ಕೈತೋಟಕ್ಕೆ ಎರಡು ವಾರಕ್ಕಿಂತ ಹೆಚ್ಚು ಕಾಲ ಸಾಕು. ಮಾಡಿನ ಅಂಚಿಗೆ ನೀರು ಹರಿಯುವ ದೋಣಿ ಹಾಕಿ, ಕೈಗೆ ಸಿಕ್ಕ ಡ್ರಮ್ಮುಗಳನ್ನೆಲ್ಲ ಈಗಲೇ ಜೋಡಿಸಿ, ಸೊಳ್ಳೆಯಾಗದಂತೆ ಬಟ್ಟೆ ಕಟ್ಟಿಡಿ. ಆದರೆ 10 ಸೆಂಟ್ ಬಿತ್ತೆಂದು ಅಂದು ನೀರು ಹಾಕುವುದನ್ನು ಬಿಡಬೇಡಿ, ಅಷ್ಟು ಮಳೆ ತರಗೆಲೆಯ ಹೊದಿಕೆಯನ್ನು ದಾಟಿ ಮಣ್ಣಿಗೆ ಇಳಿಯುವುದೇ ಇಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಬೀನ್ಸ್ ತೆಗೆದು ಅಲಸಂದೆ ಹಾಕುತ್ತೇನೆ, ಮಡಿಗಳನ್ನು ಅರ್ಧಕ್ಕೆ ಇಳಿಸುತ್ತೇನೆ. ಟೊಮೆಟೊ ಕಾಯಿಯ ತಳ ಕಪ್ಪಾಗುವುದಕ್ಕೆ ಸುಣ್ಣ ಹಾಕಬೇಕೆಂದು ನೆರೆಯವರೊಬ್ಬರು ಹೇಳಿದರು. ಈಗಲೇ ಹಾಕಬಹುದೇ? ಬದನೆ ಎಲೆಗಳ ಅಡಿಯಲ್ಲಿ ಸಣ್ಣ ಕೆಂಪು ನುಸಿಯೂ ಕಾಣಿಸುತ್ತಿದೆ.

ಉತ್ತರ 1ರವರಿಂದ ಮತ್ತೆ

ತಳ ಕಪ್ಪಾಗುವುದು ಕಾಯಿಗೆ ಸುಣ್ಣದ ಅಂಶ ತಲುಪದಿರುವುದರಿಂದ. ನಮ್ಮ ಹುಳಿಮಣ್ಣಿನಲ್ಲಿ ಅದು ಕಡಿಮೆಯಿರುವುದು ನಿಜವಾದರೂ, ಬೇಸಗೆಯಲ್ಲಿ ಸಾಮಾನ್ಯವಾಗಿ ಕಾರಣವಾಗುವುದು ಒಮ್ಮೆ ಒಣಗಿ ಒಮ್ಮೆ ನೆನೆಯುವ ಮಣ್ಣು, ಏಕೆಂದರೆ ಆ ಅಂಶ ನೀರಿನ ಜೊತೆಗೇ ಗಿಡದೊಳಗೆ ಸಾಗಬೇಕು. ಈಗ ಒಣಮಣ್ಣಿಗೆ ಸುಣ್ಣ ಹಾಕಿದರೆ ಈ ಬೆಳೆಗೆ ಪ್ರಯೋಜನವಾಗುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಮೇ ತಿಂಗಳ ಮಳೆ ಬಿದ್ದ ಮೇಲೆ ಹೇಳಿದ ಪ್ರಮಾಣದಲ್ಲಿ ಹಾಕಿ. ಟೊಮೆಟೊದಲ್ಲಿ ಗಟ್ಟಿಮುಟ್ಟಾದ ನಾಲ್ಕೈದು ಗಿಡಗಳನ್ನು ಮಾತ್ರ ಉಳಿಸಿ, ದಪ್ಪ ಹೊದಿಕೆ ಕೊಟ್ಟು, ತೇವ ಏರುಪೇರಾಗದಂತೆ ನೋಡಿಕೊಳ್ಳಿ. ಒಣಹವೆಯಲ್ಲಿ ನುಸಿ ಹೆಚ್ಚುತ್ತದೆ: ಹೆಚ್ಚು ಹತ್ತಿದ ಎಲೆಗಳನ್ನು ಕಿತ್ತು ದೂರ ಹಾಕಿ, ಉಳಿದವುಗಳ ಅಡಿಭಾಗವನ್ನು ಬೆಳಿಗ್ಗೆ ನೀರಿನಿಂದ ತೊಳೆಯಿರಿ, ಸಂಜೆ ಲೀಟರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಕದಡಿ ಎಲೆಯ ಅಡಿಗೆ ಸಿಂಪಡಿಸಿ, ವಾರದ ನಂತರ ಮತ್ತೊಮ್ಮೆ ಮಾಡಿ.