ಹಳೆಯ ಅಮೆರಿಕದ ಉಯಿಲು, ಆಸ್ತಿ ಪಾಲು: ಇವತ್ತು ಮೇಡಂ ಉತ್ತರಿಸುತ್ತಾರೆ

ಅಡ್ಮಿನ್: ಅಮೆರಿಕದ ಮನೆತನಗಳಿಗೆ ಸೊಸೆಯಾಗಿ, ಅಳಿಯನಾಗಿ ಹೋದವರು ಈ ಗುಂಪಿನಲ್ಲಿ ಬಹಳ ಜನ ಇದ್ದೀರಿ. ಅತ್ತೆ ಮನೆಯ ವಂಶವೃಕ್ಷ ಹುಡುಕುವ ಹುಚ್ಚು ಹತ್ತಿದವರೂ ಇದ್ದೀರಿ. 1850ಕ್ಕಿಂತ ಹಿಂದಿನ ಉಯಿಲು, ಆಸ್ತಿ ಪಟ್ಟಿ ಓದುವುದೇ ಮೇಡಂ ಅವರ ಕೆಲಸ. ಒಬ್ಬರು ಕೇಳಿದ್ದನ್ನೇ ಮತ್ತೊಬ್ಬರು ಕೇಳಬೇಡಿ.

ಕನೆಕ್ಟಿಕಟ್ ಸೊಸೆ: ನಮಸ್ತೆ ಮೇಡಂ. ನಮ್ಮ ಯಜಮಾನರ ಪೂರ್ವಜರೊಬ್ಬರು 1760ರ ಉಯಿಲಿನಲ್ಲಿ ದೊಡ್ಡ ಮಗನಿಗೆ ಬರೀ ಐದು ಶಿಲಿಂಗ್ ಬರೆದಿದ್ದಾರೆ. ಅಪ್ಪ ಮಗನಿಗೆ ಜಗಳ ಆಗಿತ್ತಾ?

ಮೇಡಂ: ನಮಸ್ತೆ. ಆಗಿರಬಹುದು, ಆದರೆ ಐದು ಶಿಲಿಂಗ್ ನೋಡಿ ಹಾಗೆ ಹೇಳಲು ಬರುವುದಿಲ್ಲ. ದೊಡ್ಡ ಮಗನಿಗೆ ಮದುವೆಯಾದಾಗಲೇ ಜಮೀನು ಕೊಟ್ಟು ಬೇರೆ ಮಾಡಿರುತ್ತಿದ್ದರು. 'ನನ್ನ ಹೆಸರು ಬಿಟ್ಟುಹೋಗಿದೆ' ಎಂದು ಅವನು ತಕರಾರು ತೆಗೆಯಬಾರದಲ್ಲ, ಅದಕ್ಕೆ ಐದು ಶಿಲಿಂಗ್. ಉಯಿಲಿಗಿಂತ ಇಪ್ಪತ್ತು ವರ್ಷ ಹಿಂದಿನವರೆಗೆ ಜಮೀನು ಪತ್ರಗಳನ್ನು ತೆಗೆದು ನೋಡಿ.

ನಿಜವಾದ ಸಿಟ್ಟಿದ್ದರೆ ಕೆಲವರು ಬರೆದೇ ಬಿಡುತ್ತಿದ್ದರು. ಬೆಂಜಮಿನ್ ಫ್ರಾಂಕ್ಲಿನ್ ತಮ್ಮ 1788ರ ಉಯಿಲಿನಲ್ಲಿ ಮಗ ವಿಲಿಯಂಗೆ ನೋವಾ ಸ್ಕೋಷಿಯಾದ ಜಮೀನು ಬಿಟ್ಟರು. ಜೊತೆಗೆ ಆಗಲೇ ಅವನ ಹತ್ತಿರ ಇದ್ದ ಪುಸ್ತಕಗಳು, ಅವನು ಕೊಡಬೇಕಿದ್ದ ಸಾಲದ ಮಾಫಿ. ಸ್ವಾತಂತ್ರ್ಯ ಯುದ್ಧದಲ್ಲಿ ತಮ್ಮ ವಿರುದ್ಧ ನಿಂತದ್ದೇ ಕಾರಣ ಎಂದೂ ಬರೆದರು. ಇನ್ನೊಂದು ಮಾತು. ಕನೆಕ್ಟಿಕಟ್‌ನಲ್ಲಿ ಇಂಥ ಕಾಗದಗಳು ಕೌಂಟಿಯಲ್ಲಿ ಇರುವುದಿಲ್ಲ, ಪ್ರೊಬೇಟ್ (ಉಯಿಲು ವಿಚಾರಿಸುವ ಕೋರ್ಟಿನ) ಜಿಲ್ಲೆಯಲ್ಲಿ ಇರುತ್ತವೆ.

ನ್ಯೂಜೆರ್ಸಿ ಅಣ್ಣ: ದುಡ್ಡಿಲ್ಲದೆ ನೋಡಲು ಯಾವ ಸೈಟ್ ಇದೆ ಮೇಡಂ?

ಮೇಡಂ: ಫ್ಯಾಮಿಲಿಸರ್ಚ್. ಹೆಸರು ಹಾಕಿ ಹುಡುಕಿದರೆ ಸಿಗದ ಪುಟಗಳೂ ಅಲ್ಲಿವೆ. ರಿಜಿಸ್ಟರ್‌ನ ಹಿಂದಿನ ಸೂಚಿ ನೋಡಿ ಕೈಯಾರೆ ತಿರುವಬೇಕು.

ಲ್ಯಾಂಕಾಸ್ಟರ್ ಅಳಿಯ: ನಮ್ಮ ಪೆನ್ಸಿಲ್ವೇನಿಯಾದ ಉಯಿಲು ಜರ್ಮನ್ ಕೈಬರಹದಲ್ಲಿದೆ. ಹೇಗೆ ಓದುವುದು?

ಬಾಸ್ಟನ್ ಭಾವ: ಉಯಿಲು ಬರೆದದ್ದು 1731ರ ಡಿಸೆಂಬರ್. ಕೋರ್ಟಿಗೆ ಬಂದದ್ದು 1731ರ ಫೆಬ್ರವರಿ. ಸತ್ತ ಮೇಲೆ ಎದ್ದು ಬಂದು ಬರೆದರಾ? 😄

ಮೇಡಂ: 1752ರವರೆಗೆ ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ನಮ್ಮ ಯುಗಾದಿಯ ಆಸುಪಾಸು. ಹಾಗಾಗಿ ಡಿಸೆಂಬರ್ ಆದ ಮೇಲೆಯೇ ಆ ಫೆಬ್ರವರಿ.

ರಿಚ್ಮಂಡ್‌ನಿಂದ: ಮೇಡಂ, ನನ್ನದು ಸ್ವಲ್ಪ ಉದ್ದ. ನಮ್ಮೆಜಮಾನರ ಹಿರಿಯರು ವರ್ಜೀನಿಯಾದಲ್ಲಿ ಗುಲಾಮಗಿರಿಯಲ್ಲಿದ್ದವರು. 1870ರ ಜನಗಣತಿಯವರೆಗೆ ಹೋಗಿ ನಿಂತಿದ್ದೇವೆ. ಅದರಲ್ಲಿರುವ ಅಜ್ಜಿಗೆ 58 ವರ್ಷ. ಮೊನ್ನೆ ಅದೇ ಕೌಂಟಿಯ ಒಬ್ಬ ಜಮೀನುದಾರನ 1821ರ ಆಸ್ತಿ ಪಟ್ಟಿ ಸಿಕ್ಕಿತು. ಕುದುರೆ, ತಾಮ್ರದ ಹಂಡೆ, ಅದರ ಕೆಳಗೆ ಅದೇ ಹೆಸರಿನ ಹುಡುಗಿ, ಪಕ್ಕದಲ್ಲಿ ಬೆಲೆ. ಅವನು ಉಯಿಲನ್ನೇ ಬರೆದಿಲ್ಲ. ಇವಳೇ ಅವಳಾ? ಅತ್ತೆಗೆ ಹೇಳಲಾ, ಬೇಡವಾ?

ಮೇಡಂ: ಈಗಲೇ ಹೇಳಬೇಡಿ. ಹೆಸರು, ವಯಸ್ಸು ಎರಡೇ ಸಾಕಾಗುವುದಿಲ್ಲ. ತಪ್ಪು ಹುಡುಗಿಯನ್ನು ಅಜ್ಜಿ ಅಂತ ತೋರಿಸಿ, ಆಮೇಲೆ 'ಅಲ್ಲ' ಅನ್ನುವುದು ಬಹಳ ಕೆಟ್ಟದ್ದು.

ಉಯಿಲು ಇಲ್ಲ ಅಂತ ಬೇಜಾರಾಗಬೇಡಿ. ನಿಮ್ಮ ಪಾಲಿಗೆ ಅದೇ ಒಳ್ಳೆಯದಾಯಿತು. ಉಯಿಲು ಇದ್ದಿದ್ದರೆ 'ಗುಲಾಮರೆಲ್ಲ ಹೆಂಡತಿಗೆ' ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದನೋ ಏನೋ. ಉಯಿಲಿಲ್ಲದೆ ಸತ್ತರೆ ಕೋರ್ಟು ಒಬ್ಬರನ್ನು ನೇಮಿಸಿ, ಜಾಮೀನು ಬರೆಸಿಕೊಂಡು, ಒಂದೊಂದನ್ನೂ ಪಟ್ಟಿ ಮಾಡಿಸುತ್ತಿತ್ತು. ಸಾಲ ತೀರಿಸಿ ಉಳಿದದ್ದು ಪಾಲಾಗಬೇಕು. ಗುಲಾಮರನ್ನು ವಿಧವೆಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಎಂದು ಹೆಸರು ಹಿಡಿದು ಹಂಚುತ್ತಿದ್ದರು. ನಿಮಗೆ ಸಿಕ್ಕಿರುವುದು ಮೊದಲ ಕಾಗದ ಮಾತ್ರ. ಪಾಲಿನ ಕಾಗದ ಬೇರೆಯೇ ಇರುತ್ತದೆ, ಒಂದೆರಡು ವರ್ಷ ತಡವಾಗಿ ಬಂದಿರಲೂಬಹುದು.

ಹುಡುಗಿ ವಿಧವೆಯ ಪಾಲಿಗೆ ಹೋಗಿದ್ದರೆ ಸುಳಿವು ಇನ್ನೂ ಉಳಿದಿದೆ. ಆ ಮೂರನೇ ಪಾಲು ವಿಧವೆ ಬದುಕಿರುವವರೆಗೆ ಮಾತ್ರ. ಅವಳು ಮಾರುವ ಹಾಗಿಲ್ಲ, ಬಿಡುಗಡೆ ಮಾಡುವ ಹಾಗೂ ಇಲ್ಲ. ಸತ್ತ ಮೇಲೆ ಗಂಡನ ವಾರಸುದಾರರಿಗೆ ವಾಪಸ್. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಹೆಂಡತಿ ಮಾರ್ಥಾ ಕಥೆ ಇದೇ. ಮೊದಲ ಗಂಡ ಡೇನಿಯಲ್ ಪಾರ್ಕ್ ಕಸ್ಟಿಸ್ 1757ರಲ್ಲಿ ಉಯಿಲಿಲ್ಲದೆ ಸತ್ತರು. 1799ರಲ್ಲಿ ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಎಸ್ಟೇಟಿನಲ್ಲಿದ್ದ 317 ಗುಲಾಮರಲ್ಲಿ 153 ಮಂದಿ ಆ ಕಸ್ಟಿಸ್ ಪಾಲಿನವರು, ಅವರ ಮಕ್ಕಳು, ಮೊಮ್ಮಕ್ಕಳು. 1802ರಲ್ಲಿ ಮಾರ್ಥಾ ತೀರಿಕೊಂಡಾಗ ಅವರನ್ನೆಲ್ಲ ಆಕೆಯ ಮೊಮ್ಮಕ್ಕಳಿಗೆ ಹಂಚಿದರು. ಒಂದು ಸಾವಿನ ಲೆಕ್ಕ ಮುಗಿಯಲು ನಲವತ್ತೈದು ವರ್ಷ.

ಹಾಗಾಗಿ ನಿಮ್ಮ ವಿಧವೆ ಯಾವಾಗ ಸತ್ತಳು ಎಂದು ನೋಡಿ. ಆಗ ಎರಡನೇ ಪಟ್ಟಿ ಬಂದಿರುತ್ತದೆ. ಅದರಲ್ಲಿ ಅದೇ ಹೆಸರು, ವಯಸ್ಸು ಏರಿ, ಪಕ್ಕದಲ್ಲಿ ಕೂಸು ಇದೆಯಾ? 1662ರ ವರ್ಜೀನಿಯಾ ಕಾನೂನಿನಂತೆ ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಹಾಗಾಗಿ ಪಟ್ಟಿಯಲ್ಲಿ ತಾಯಿಯ ಜೊತೆಗೇ ಮಗು ಕಾಣುತ್ತದೆ, ತಂದೆ ಸಿಗುವುದೇ ಅಪರೂಪ. ಮೊದಲ ಪಟ್ಟಿಯಲ್ಲಿ ಅವಳ ಮೇಲೆ ಕೆಳಗೆ ಇದ್ದ ಹೆಸರುಗಳನ್ನೂ ಬರೆದಿಟ್ಟುಕೊಳ್ಳಿ. ಹೆಸರೊಂದು ಎಲ್ಲಿ ಬೇಕಾದರೂ ಸಿಗುತ್ತದೆ, ಆ ಗುಂಪು ಸಿಗುವುದಿಲ್ಲ.

ಮಕ್ಕಳ ಪಾಲಿಗೆ ಹೋಗಿದ್ದರೆ ಗಾರ್ಡಿಯನ್ ಲೆಕ್ಕ, ಅಂದರೆ ಮಕ್ಕಳ ಆಸ್ತಿ ನೋಡಿಕೊಂಡವರು ಕೊಟ್ಟ ಲೆಕ್ಕ ಹುಡುಕಿ. ಮಕ್ಕಳು ಚಿಕ್ಕವರಾದರೆ ಅವರ ಪಾಲಿನ ಗುಲಾಮರನ್ನು ವರ್ಷದ ಬಾಡಿಗೆಗೆ ಕೊಡುತ್ತಿದ್ದರು. ಯಾರಿಗೆ, ಎಷ್ಟಕ್ಕೆ ಎಂದು ಪ್ರತಿ ವರ್ಷ ಬರೆದಿರುತ್ತದೆ. ಹೆಣ್ಣುಮಗಳ ಪಾಲಾದರೆ ಅವಳ ಮದುವೆಯಾದ ಮೇಲೆ ಅಳಿಯನ ಮನೆತನದ ಹೆಸರಿನಲ್ಲಿ ಹುಡುಕಬೇಕು. 1850, 1860ರ ಗುಲಾಮರ ಗಣತಿಯಲ್ಲಿ ಸಾಮಾನ್ಯವಾಗಿ ಹೆಸರಿಲ್ಲ, ಒಡೆಯನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಹೆಚ್ಚಾಗಿ ಇಷ್ಟೇ. ಆದರೂ ನೋಡಿ.

ಇಂಥ ಪಟ್ಟಿ ಸಿಕ್ಕಾಗ ನಾನು ಹೆಸರುಗಳನ್ನು ಒಂದು ಸಲ ಗಟ್ಟಿಯಾಗಿ ಓದುತ್ತೇನೆ. ಬೆಲೆ ಓದುವುದಿಲ್ಲ.

ಡಲ್ಲಾಸ್ ಅಂಕಲ್: ವಾಷಿಂಗ್ಟನ್ ತಮ್ಮ ಎಲ್ಲ ಗುಲಾಮರನ್ನೂ ಬಿಡುಗಡೆ ಮಾಡಿದ ಮಹಾತ್ಮರು. ಅದನ್ನೂ ಹೇಳಿ.

ಬಾಸ್ಟನ್ ಭಾವ: ಅಂಕಲ್, ಮೇಲೆ ಓದಿದಿರಾ? ಅವರ ಸ್ವಂತದ್ದು 123 ಜನ. ಅದೂ ಹೆಂಡತಿ ಸತ್ತ ಮೇಲೆ ಬಿಡಿ ಎಂದು ಬರೆದರು. ಕೂಡಲೇ ಬಿಡಿ ಅಂದದ್ದು ತಮ್ಮ ಖಾಸಗಿ ಸೇವಕ ವಿಲಿಯಂ ಲೀ ಒಬ್ಬರನ್ನು.

ಡಲ್ಲಾಸ್ ಅಂಕಲ್: ಮಾರ್ಥಾ ಅವರು ಅಲ್ಲಿಯವರೆಗೆ ಕಾಯಿಸದೆ ಅವರನ್ನು 1801ರ ಜನವರಿಯಲ್ಲೇ ಬಿಟ್ಟರಲ್ಲ. ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು.

ರಿಚ್ಮಂಡ್‌ನಿಂದ: ಎಲ್ಲರೂ ಅಂದರೆ ಯಾರು? ಪಟ್ಟಿಯಲ್ಲಿದ್ದವರೂ ಸೇರಿಯಾ?

ಡಲ್ಲಾಸ್ ಅಂಕಲ್: ಸುಮ್ನೆ ಎಮೋಷನಲ್ ಆಗಬೇಡಮ್ಮ.

ಬಾಸ್ಟನ್ ಭಾವ: ಗಂಡ ವಾಷಿಂಗ್ಟನ್ ಪಾಲಿನವನು, ಹೆಂಡತಿ ಕಸ್ಟಿಸ್ ಪಾಲಿನವಳು ಆದರೆ ಅವನಿಗೆ ಬಿಡುಗಡೆ, ಅವಳಿಗಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗಿದ್ದರೆ ಎಮೋಷನಲ್ ಆಗುತ್ತಿರಲಿಲ್ವಾ?

ಅಡ್ಮಿನ್: ದಯವಿಟ್ಟು ಸಾಕು.

ಟ್ರಂಕ್ ಸಿಕ್ಕವಳು: ಅಕ್ಕಾ, ಅತ್ತೆಯ ಅಟ್ಟದಲ್ಲಿ 1790ರ ಅಸಲು ಕಾಗದ ಸಿಕ್ಕಿದೆ. ಅಕ್ಷರ ಮಾಸಿದೆ. ಟೀ ಡಿಕಾಕ್ಷನ್ ಸವರಿದರೆ ಅಕ್ಷರ ಏಳುತ್ತದಂತೆ, ಆಮೇಲೆ ಲ್ಯಾಮಿನೇಷನ್ ಮಾಡಿಸಬೇಕಂತೆ. ವಾಟ್ಸಾಪ್‌ನಲ್ಲಿ ಬಂದಿತ್ತು.

ಮೇಡಂ: ಬೇಡ. ಸವರಿದ್ದೀರಾ? ಸವರಿಲ್ಲ ಅಂತ ಹೇಳಿ. ಅದು ಕಬ್ಬಿಣ ಮತ್ತು ಮಾಚಿಕಾಯಿ ಹಾಕಿ ಮಾಡಿದ ಶಾಯಿ. ಹಸಿಯಾದರೆ ಕಾಗದವನ್ನು ಇನ್ನಷ್ಟು ತಿನ್ನುತ್ತದೆ. 19ನೇ ಶತಮಾನದ ಪಂಡಿತರೂ ಮಾಚಿಕಾಯಿ ರಸ ಸವರಿ ಒಂದು ದಿನ ಓದಿಕೊಂಡರು. ಆಮೇಲೆ ಪುಟವಿಡೀ ಕಂದು ಕಲೆ. ಲ್ಯಾಮಿನೇಷನ್ ಮಾಡಿದರೆ ಬಿಡಿಸಲು ಆಗುವುದಿಲ್ಲ. ಒಣ ಜಾಗದಲ್ಲಿ ಇಡಿ, ಫೋಟೋ ತೆಗೆಯಿರಿ. ಮಾಸಿದ ಅಕ್ಷರ ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಕಾಣಬಹುದು. ಆ ಮೆಸೇಜ್ ಕಳಿಸಿದವರ ಮನೆಯ ಖಾತಾ ಪತ್ರಕ್ಕೆ ಮೊದಲು ಟೀ ಸವರಲಿ.

ಟ್ರಂಕ್ ಸಿಕ್ಕವಳು: ಒಂದು ಮೂಲೆಗೆ ಮಾತ್ರ ಸವರಿದೆ ಅಕ್ಕಾ...

ಡಲ್ಲಾಸ್ ಅಂಕಲ್: ಫಾರ್ವರ್ಡೆಡ್: ನ್ಯೂಯಾರ್ಕಿನ ಆನೆಕೆ ಯಾನ್ಸ್ ವಂಶದವರಿಗೆ ಮ್ಯಾನ್‌ಹಟನ್‌ನಲ್ಲಿ ಕೋಟಿಗಟ್ಟಲೆ ಆಸ್ತಿ! ವಂಶವೃಕ್ಷ ಕಳಿಸಿ, ಶುಲ್ಕ ಕಟ್ಟಿ, ಪಾಲು ಪಡೆಯಿರಿ!!

ಮೇಡಂ: ಇದು ನೂರು ವರ್ಷಕ್ಕೂ ಹಳೆಯ ಮೋಸ. ಆಕೆ ಸತ್ತದ್ದು 1663ರಲ್ಲಿ. ಇದ್ದದ್ದು ಸುಮಾರು 62 ಎಕರೆ ಹೊಲ. 1671ರಲ್ಲಿ ವಾರಸುದಾರರೇ ಗವರ್ನರ್‌ಗೆ ಮಾರಿದರು. 1705ರಲ್ಲಿ ರಾಣಿ ಆನ್ ಅದನ್ನು ಟ್ರಿನಿಟಿ ಚರ್ಚಿಗೆ ಕೊಟ್ಟಳು. ಒಬ್ಬ ಮಗನ ಕಡೆಯವರ ಸಹಿ ಇಲ್ಲ ಎಂದು ಮೊಮ್ಮಕ್ಕಳು, ಮರಿಮಕ್ಕಳು ಕೋರ್ಟಿಗೆ ಅಲೆದು ಅಲೆದು ಸೋತರು. ದುಡ್ಡು ಮಾಡಿದವರು ಶುಲ್ಕ ವಸೂಲಿ ಮಾಡಿದವರು. ಕಟ್ಟಬೇಡಿ.

ಡಲ್ಲಾಸ್ ಅಂಕಲ್: ಬೆಂಕಿ ಇಲ್ಲದೆ ಹೊಗೆ ಆಡುತ್ತದಾ?

ಮೇಡಂ: ಆಡುತ್ತದೆ. ಫಾರ್ವರ್ಡ್‌ನಲ್ಲಿ ದಿನಾ ಆಡುತ್ತದೆ.

ಕನೆಕ್ಟಿಕಟ್ ಸೊಸೆ: ಮೇಡಂ, ತಾಯಿ ಬದುಕಿದ್ದರೂ ಮಗುವನ್ನು ಅನಾಥ ಅಂತ ಯಾಕೆ ಬರೆದಿದ್ದಾರೆ?

ಮೇಡಂ: ತಂದೆ ಸತ್ತರೆ ಅನಾಥ. ಆಗಿನ ಲೆಕ್ಕ ಅದು.

ಶಿವಮೊಗ್ಗ ಗೌಡ್ರು: ನಮ್ಮ ದೊಡ್ಡಪ್ಪ ವಿಲ್ ಮಾಡದೆ ಹೋದರು. ಪೌತಿ ಖಾತೆ ಮಾಡಿಸೋದು ಹೇಗೆ ಮೇಡಂ?

ಬಾಸ್ಟನ್ ಭಾವ: ಗೌಡ್ರೇ, ಇಲ್ಲಿ ದೊಡ್ಡಪ್ಪ 200 ವರ್ಷ ಹಿಂದೆ ಹೋಗಿರಬೇಕು.

ಓಹಾಯೋ ಅಕ್ಕ: ಫ್ರೀ ಸೈಟ್ ಯಾವುದು?

ಮೇಡಂ: ಮೇಲೆ ಓದಿ.

ರಿಚ್ಮಂಡ್‌ನಿಂದ: ಮೇಡಂ! ಪಾಲಿನ ಪುಟ ಸಿಕ್ಕಿತು. 1823. ವಿಧವೆಯ ಪಾಲಿನಲ್ಲಿ ಇದ್ದಾಳೆ. ಮೇಲಿನ ಎರಡು ಹೆಸರೂ ಅವೇ.

ಮೇಡಂ: ಫೋಟೋ ನನಗೆ ಕಳಿಸಿ, ಪೂರ್ತಿ ಪುಟ. ವಿಧವೆ ಸತ್ತ ವರ್ಷ ನಾನೂ ಹುಡುಕುತ್ತೇನೆ. ಅತ್ತೆಗೆ ಇನ್ನೂ ಹೇಳಬೇಡಿ. ಉಳಿದವರಿಗೆ ನಮಸ್ಕಾರ, ನಾನು ಹೊರಟೆ.

ಲ್ಯಾಂಕಾಸ್ಟರ್ ಅಳಿಯ: ಮೇಡಂ, ನನ್ನ ಜರ್ಮನ್ ಉಯಿಲು?