ಕುಮಟಾದಲ್ಲಿ 1870ರ ಸುಮಾರಿಗೆ ವಕೀಲಿ ಮಾಡಿದ ಹಿರಿಯರ ದಾಖಲೆ ಎಲ್ಲಿ ಹುಡುಕಬೇಕು?

ಪ್ರಶ್ನೆ: ಮುತ್ತಜ್ಜನ ತಂದೆ 1865ರಿಂದ 1890ರವರೆಗೆ ಕುಮಟಾದಲ್ಲಿ ವಕೀಲರು. ಮನೆಯಲ್ಲಿರುವುದು ಮೋಡಿ ಲಿಪಿಯ (ಮರಾಠಿಯ ಹಳೆಯ ಕೂಡುಬರಹದ) ಒಂದೇ ಕಾಗದ. ಅದರಲ್ಲಿ ‘ಧಾತು ಸಂವತ್ಸರ’ ಎಂದಿದೆ. ಮದರಾಸಿನ ಮುನ್ಸಿಫ್ (ಕೆಳಹಂತದ ಸಿವಿಲ್ ನ್ಯಾಯಾಧೀಶ) ಕೋರ್ಟುಗಳ ಕಡತದಲ್ಲಿ ಸುಳಿವಿಲ್ಲ. ಮುಂದೇನು?

ಉತ್ತರ 1: ಮದರಾಸಿನಲ್ಲಿ ಸಿಗಲಾರದು. ಉತ್ತರ ಕನ್ನಡ 1862ರಲ್ಲೇ ಮುಂಬೈ ಪ್ರಾಂತಕ್ಕೆ ಹೋಯಿತು, ಮಂಗಳೂರಿನ ಕಡೆ ಮಾತ್ರ ಮದರಾಸಿಗೆ ಉಳಿಯಿತು. ಹಾಗಾಗಿ ಸರಕಾರಿ ಕಡತಕ್ಕೆ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಪತ್ರಾಗಾರ. ಅಲ್ಲಿ ಜಿಲ್ಲೆಯನ್ನು ಬರೀ ‘ಕ್ಯಾನರಾ’ ಎಂದೂ ಬರೆದಿರುತ್ತಾರೆ. ‘ಮುನ್ಸಿಫ್’ ಎಂದು ಹುಡುಕಬೇಡಿ. 1869ರ ಕಾಯ್ದೆಯಿಂದ ಮುಂಬೈ ಕಡೆ ಅವರು ‘ಸಬಾರ್ಡಿನೇಟ್ ಜಡ್ಜ್’ ಆದರು.

ಧಾತು ಎಂದರೆ ಶಕ 1798, ಅಂದರೆ 1876–77, ದೊಡ್ಡ ಬರಗಾಲ ಶುರುವಾದ ವರ್ಷ. ಅದರ ಹಿಂದಿನ ಧಾತು 1816ರದು, ಶಕವರ್ಷ ಬರೆದಿದೆಯೇ ನೋಡಿಕೊಳ್ಳಿ. ಮೋಡಿಯಲ್ಲಿ ಪದಗಳ ನಡುವೆ ತೆರಪಿಲ್ಲ, ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘ ಬೇರೆ ತೋರುವುದಿಲ್ಲ. ಹೆಸರನ್ನು ಅವಸರದಲ್ಲಿ ಓದಿದರೆ ಬೇರೊಬ್ಬರ ಬೆನ್ನು ಹತ್ತಿದಂತಾಗುತ್ತದೆ.

ಉತ್ತರ 2: ನಾನು ಹೇಳುವುದಾದರೆ ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ. ವಕೀಲರು ಸಾಲ ಕೊಟ್ಟು ಜಮೀನು ಅಡವು ಇಟ್ಟುಕೊಳ್ಳುವುದು ಆಗ ಸಾಮಾನ್ಯ. ಸ್ಥಿರಾಸ್ತಿ ಪತ್ರಗಳನ್ನು ದಾಖಲಿಸುವ ಒಂದನೇ ಪುಸ್ತಕದ ಇಂಡೆಕ್ಸನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರು ಇಬ್ಬರೂ ಇರುತ್ತಾರೆ. ಊರು, ಉದ್ಯೋಗ, ಜಾತಿ, ತಂದೆಯ ಹೆಸರು ಆಗಿನ ಕಾಯ್ದೆಯ ಪ್ರಕಾರ ಬರೆಯಲೇಬೇಕಾದವು, ವಂಶಾವಳಿಗೆ ಇದಕ್ಕಿಂತ ಒಳ್ಳೆಯ ಸಾಲು ಸಿಗದು. ಅಡ್ಡಹೆಸರಿನಲ್ಲೂ ಮೊದಲ ಹೆಸರಿನಲ್ಲೂ ನೋಡಿ. ಬರೀ ಸಾಕ್ಷಿ ಹಾಕಿದ್ದರೆ ಇಂಡೆಕ್ಸಿನಲ್ಲಿ ಬರುವುದಿಲ್ಲ, ನೂರು ರೂಪಾಯಿಗಿಂತ ಕಡಿಮೆಯ ಪತ್ರ ನೋಂದಣಿಯಾಗದೆಯೂ ಇರಬಹುದು. ಮೃತ್ಯುಪತ್ರ ಮೂರನೇ ಪುಸ್ತಕದಲ್ಲಿ.

ಪ್ರಶ್ನೆ ಕೇಳಿದವರು: ಅವರು ನಡೆಸಿದ ದಾವೆಗಳು?

ಉತ್ತರ 3: ಡಿಕ್ರಿ, ಅಂದರೆ ದಾವೆಯ ಕೊನೆಗೆ ಕೋರ್ಟು ಕೊಡುವ ಆದೇಶದ ಪತ್ರ, ಬೇಕು. ದಾವೆ ರಿಜಿಸ್ಟರಿನಲ್ಲಿ ವಕೀಲರ ಕಾಲಮ್ಮೇ ಇಲ್ಲ. ಡಿಕ್ರಿಯ ಮೊದಲ ಸಾಲಿನಲ್ಲೇ ‘ವಾದಿಯ ಪರ ಇಂಥವರು, ಪ್ರತಿವಾದಿಯ ಪರ ಇಂಥವರು ಹಾಜರಿರಲಾಗಿ’ ಎಂದಿರುತ್ತದೆ, ಕೆಳಗೆ ಖರ್ಚಿನ ಪಟ್ಟಿಯಲ್ಲಿ ವಕೀಲಿ ಫೀ. ನಕಲಿಗೆ ನಂಬರು, ವರ್ಷ ಕೇಳುತ್ತಾರೆ. ನಂಬರು ಗೊತ್ತಿಲ್ಲದಿದ್ದರೆ, 1876ರಿಂದ ಬಂದ ಇಂಡಿಯನ್ ಲಾ ರಿಪೋರ್ಟ್ಸ್ (ಹೈಕೋರ್ಟ್ ತೀರ್ಪುಗಳ ವರದಿ) ಮುಂಬೈ ಸಂಪುಟಗಳಲ್ಲಿ, ಕ್ಯಾನರಾದಿಂದ ಹೈಕೋರ್ಟಿಗೆ ಹೋದ ಎರಡನೇ ಮೇಲ್ಮನವಿಗಳನ್ನು ಆರಿಸಿ. ಅಲ್ಲಿರುವ ಹೆಸರುಗಳು ಹೈಕೋರ್ಟಿನ ವಕೀಲರವು, ನಿಮ್ಮವರನ್ನು ಅಲ್ಲಿ ಹುಡುಕಬೇಡಿ. ಬೇಕಾದದ್ದು ಕೆಳ ಕೋರ್ಟಿನ ನಂಬರು ಮತ್ತು ಕಕ್ಷಿದಾರರ ಹೆಸರು. ಕಾಪಿ ಅರ್ಜಿಗೆ ಅಷ್ಟು ಸಾಕು.